ನಾಯಿ ಜೊತೆ ಹೊರಟರೆ ಯಾವ ದಾರಿ? ಮೈಸೂರಿನಿಂದ ನಾಲ್ಕು ಹಳ್ಳಿ ರಸ್ತೆಗಳ ಹೋಲಿಕೆ

ಮೈಸೂರಿನಿಂದ ಯಾವ ದಿಕ್ಕಿಗೆ ಕಾರು ತಿರುಗಿಸಿದರೂ ಅರ್ಧ ಗಂಟೆಯೊಳಗೆ ಗದ್ದೆ, ತೋಟ, ನಾಲೆ ಕಣ್ಣಿಗೆ ಬೀಳುತ್ತವೆ. ಇಬ್ಬರು ಗೆಳೆಯರು ಮಾತ್ರ ಹೊರಟರೆ ಜಾಸ್ತಿ ಯೋಚಿಸಬೇಕಾಗಿಲ್ಲ. ಮನಸ್ಸು ಬಂದ ಕಡೆ ಹೋಗಬಹುದು. ಹಿಂದಿನ ಸೀಟಿನಲ್ಲಿ ನಾಯಿ ಇದ್ದರೆ ಲೆಕ್ಕವೇ ಬೇರೆ. ಸುತ್ತಮುತ್ತಲ ಹೆಸರಾದ ಜಾಗಗಳೆಲ್ಲ ಒಂದೋ ದೇವಸ್ಥಾನ, ಇಲ್ಲ ಪುರಾತತ್ವ ಇಲಾಖೆಯ ಸ್ಮಾರಕ, ಇಲ್ಲ ಅಭಯಾರಣ್ಯ. ಮೂರರಲ್ಲೂ ನಾಯಿಗೆ ಒಳಗೆ ಬಿಡುವುದಿಲ್ಲ. ಅಂದರೆ ಪ್ರವಾಸದ ಪಟ್ಟಿ ಹಿಡಿದು ಹೊರಟರೆ ದಿನವಿಡೀ ನಾಯಿ ಪಾರ್ಕಿಂಗ್ ಜಾಗಗಳನ್ನೇ ನೋಡಿಕೊಂಡು ವಾಪಸ್ ಬರುತ್ತದೆ.

ಹಾಗಾಗಿ ನಾನು ದಾರಿ ಆರಿಸುವಾಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ರಸ್ತೆಯಲ್ಲಿ ನಾಯಿ ಎಲ್ಲೆಲ್ಲಿ ಕೆಳಗೆ ಇಳಿಯಬಹುದು? ಇಳಿದರೆ ನೆರಳು ಇದೆಯಾ, ನೀರು ಇದೆಯಾ, ನೆಮ್ಮದಿಯಾಗಿ ಒಂದು ಕಿಲೋಮೀಟರ್ ನಡೆಯಬಹುದಾ? ಇದಕ್ಕೆ ಒಳ್ಳೆ ಉತ್ತರ ಕೊಡುವ ರಸ್ತೆಯೇ ಒಳ್ಳೆ ರಸ್ತೆ. ಕೊನೆಯಲ್ಲಿ ಸಿಗುವ ಗೋಪುರ, ಜಲಪಾತ ಎಲ್ಲ ಆಮೇಲೆ.

ನಮ್ಮ ಕೆಂಚ ಊರ ನಾಯಿ. ಕಂದು ಬಣ್ಣ, ಮಧ್ಯಮ ಗಾತ್ರ, ಕಾರು ಅಂದರೆ ಪ್ರಾಣ. ಗೆಳೆಯ ಓಡಿಸುತ್ತಾನೆ, ನಾನು ಹಿಂದೆ ಕೆಂಚನ ಪಕ್ಕ ಕೂರುತ್ತೇನೆ. ಈ ಹೋಲಿಕೆ ನಾವು ಮತ್ತೆ ಮತ್ತೆ ಓಡಾಡಿದ ನಾಲ್ಕು ದಾರಿಗಳದ್ದು. ನಿಮ್ಮದು ಪಗ್ ಅಥವಾ ಬುಲ್‌ಡಾಗ್ ತರಹದ ಚಪ್ಪಟೆ ಮೂತಿಯ ನಾಯಿಯಾದರೆ ಬಿಸಿಲಿನ ವಿಷಯದಲ್ಲಿ ನಾನು ಹೇಳುವುದಕ್ಕಿಂತ ಎರಡು ಪಟ್ಟು ಎಚ್ಚರ ಬೇಕು. ಅವುಗಳಿಗೆ ತೇಕಿ ಮೈ ತಣ್ಣಗೆ ಮಾಡಿಕೊಳ್ಳುವುದೇ ಕಷ್ಟ.

ಪಾಂಡವಪುರ, ತೊಣ್ಣೂರು, ಮೇಲುಕೋಟೆ

ಮೊದಲ ಸಲ ಹೊರಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಈ ದಾರಿ. ಶ್ರೀರಂಗಪಟ್ಟಣದ ತನಕ ಬೆಂಗಳೂರು ಹೆದ್ದಾರಿ. ಅಲ್ಲಿಂದ ಎಡಕ್ಕೆ ಪಾಂಡವಪುರದ ಕಡೆ ತಿರುಗಿದ ಮೇಲೆ ಗಡಿಬಿಡಿ ಕಡಿಮೆಯಾಗುತ್ತದೆ. ಎರಡೂ ಕಡೆ ಕಬ್ಬು, ಭತ್ತ, ತೆಂಗು. ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ನಿಲ್ಲಿಸಿ ನಿಲ್ಲಿಸಿ ಹೋದರೂ ಎರಡು ಗಂಟೆ ಸಾಕು.

ಈ ದಾರಿಯ ಜೀವ ಇರುವುದು ಕೆರೆ ತೊಣ್ಣೂರಿನಲ್ಲಿ. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆ, ತಿಳಿ ನೀರು. ರಾಮಾನುಜಾಚಾರ್ಯರ ಹೆಸರಿನ ಜೊತೆ ಬೆಸೆದುಕೊಂಡಿರುವ ಊರು ಇದು. ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನವೂ ಇಲ್ಲೇ ಇದೆ. ನಮಗೆ ಬೇಕಾದದ್ದು ಏರಿ. ಬೆಳಿಗ್ಗೆ ಎಂಟರೊಳಗೆ ತಲುಪಿದರೆ ಏರಿ ಮೇಲೆ ಗಾಳಿ ಬೀಸುತ್ತಿರುತ್ತದೆ, ಜನ ಇರುವುದಿಲ್ಲ, ನೆಲ ಇನ್ನೂ ಕಾದಿರುವುದಿಲ್ಲ. ಕೆಂಚ ಇಲ್ಲಿ ಮೂಗು ನೆಲಕ್ಕಿಟ್ಟರೆ ತಲೆ ಎತ್ತುವುದೇ ಇಲ್ಲ. ಆಡು ಹೋದ ದಾರಿ, ಮುಂಗುಸಿ ಹೋದ ದಾರಿ, ಎಲ್ಲವನ್ನೂ ಓದಿಕೊಂಡೇ ಮುಂದಿನ ಹೆಜ್ಜೆ.

ಅಲ್ಲಿ ಒಂದು ಸಲ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರು ದೂರದಲ್ಲೇ ನಿಂತು, 'ಕಚ್ಚತ್ತೇನಪ್ಪ?' ಅಂದರು. 'ಇಲ್ಲ ಯಜಮಾನ್ರೇ, ಹಿಡ್ಕೊಂಡಿದೀನಿ, ನೀವು ಬನ್ನಿ' ಅಂದೆ. ಕೆಂಚನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಎಮ್ಮೆಗಳು ದಾಟಿದ ಮೇಲೆ ಅವರೇ ನಿಂತು, 'ನೀರ್ ಬೇಕಾದ್ರೆ ಅಲ್ಲಿ ತೊಟ್ಟಿ ಐತೆ ನೋಡಿ, ಕುಡುಸ್ಕಳಿ. ಕೆರೆಗ್ ಬುಡಬ್ಯಾಡಿ, ಆಳ ಐತೆ' ಅಂದರು. ಮಂಡ್ಯ ಕಡೆ ಜನ ಹೀಗೆಯೇ. ನಾಯಿ ನಿಮ್ಮ ಹತೋಟಿಯಲ್ಲಿದೆ ಅಂತ ಕಂಡರೆ ಮಾತೂ ಕೊಡುತ್ತಾರೆ, ನೀರೂ ಕೊಡುತ್ತಾರೆ. ಬಿಟ್ಟುಕೊಂಡು ಹೋದರೆ ಬೈಯುತ್ತಾರೆ. ಬೈಯುವುದರಲ್ಲಿ ನ್ಯಾಯವೂ ಇದೆ. ಅವರ ಕುರಿ, ಕೋಳಿ ಅವರ ಬದುಕು.

ಆ ಆಳದ ಮಾತು ನಿಜ. ದಡದಲ್ಲಿ ಕಾಲು ನೆನೆಸಿಕೊಂಡರೆ ಸಾಕು, ಈಜಲು ಬಿಡಬೇಡಿ.

ಮೇಲುಕೋಟೆಗೆ ಜಕ್ಕನಹಳ್ಳಿ ಕ್ರಾಸ್‌ನಲ್ಲಿ ತಿರುಗಬೇಕು. ಬೆಟ್ಟ ಹತ್ತುವ ಕೊನೆಯ ಕೆಲವು ಕಿಲೋಮೀಟರ್ ಚೆಂದ. ಊರು ಮಾತ್ರ ನಾಯಿಗೆ ಅಷ್ಟೇನೂ ಹಿತವಲ್ಲ. ಕಾರಣ ಕೋತಿ. ಕಲ್ಯಾಣಿ ಹತ್ತಿರ, ಯೋಗನರಸಿಂಹ ಬೆಟ್ಟದ ಮೆಟ್ಟಿಲ ಹತ್ತಿರ ಗುಂಪುಗುಂಪಾಗಿ ಇರುತ್ತವೆ. ಗಂಡು ಕೋತಿ ಹಲ್ಲು ಕಿರಿದು ನಿಂತರೆ ಎಂಥ ನಾಯಿಗೂ ಗಾಬರಿ ಅಥವಾ ಸಿಟ್ಟು. ಎರಡೂ ಕೆಟ್ಟದ್ದೇ. ಕಾರಿನ ಕಿಟಕಿ ಪೂರ್ತಿ ಏರಿಸಿಕೊಂಡೇ ಊರೊಳಗೆ ಹೋಗಿ. ನಾವು ಮಾಡುವುದು ಇಷ್ಟೇ: ಒಬ್ಬರು ಇಳಿದು ಚೆಲುವನಾರಾಯಣನ ದರ್ಶನ ಮಾಡಿ ಪುಳಿಯೋಗರೆ ಕಟ್ಟಿಸಿಕೊಂಡು ಬರುವುದು, ಇನ್ನೊಬ್ಬರು ಊರಿನ ಹೊರಗೆ ನೆರಳಲ್ಲಿ ನಾಯಿ ಜೊತೆ ಇರುವುದು. ಆಮೇಲೆ ಅದಲು ಬದಲು. ಪುಳಿಯೋಗರೆ ನಾಯಿಗೆ ಕೊಡಬೇಡಿ. ಖಾರ, ಹುಳಿ, ಎಣ್ಣೆ ಮೂರೂ ಜಾಸ್ತಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮೇಲುಕೋಟೆಯ ಸುತ್ತ ಇರುವ ಕಾಡು ವನ್ಯಜೀವಿ ಧಾಮ. ತೋಳಗಳಿಗಾಗಿಯೇ 1974ರಲ್ಲಿ ಘೋಷಿಸಿದ್ದು. ರಸ್ತೆ ಬಿಟ್ಟು ಆ ಕುರುಚಲೊಳಗೆ ನಾಯಿ ಕರೆದುಕೊಂಡು ಹೋಗುವುದು ತಪ್ಪು. ಸಾಕುನಾಯಿಯಿಂದ ಡಿಸ್ಟೆಂಪರ್, ಹುಚ್ಚುನಾಯಿ ರೋಗದಂಥವು ತೋಳಕ್ಕೆ, ನರಿಗೆ ಹರಡುತ್ತವೆ. ನಡೆಯಬೇಕು ಅನಿಸಿದರೆ ತೊಣ್ಣೂರಿನಲ್ಲಿ ನಡೆಯಿರಿ, ಮೇಲುಕೋಟೆಯಲ್ಲಿ ನೋಡಿ ಬನ್ನಿ.

ಬನ್ನೂರು, ಸೋಮನಾಥಪುರ, ತಲಕಾಡು

ಗೆಳೆಯರಿಗೆ ಶಿಲ್ಪ, ಚರಿತ್ರೆ ಇಷ್ಟ ಅಂದರೆ ಈ ದಾರಿ. ಮೈಸೂರಿನಿಂದ ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಒಂದು ಗಂಟೆ ಹತ್ತಿರ ಹತ್ತಿರ. ಕಾವೇರಿ ಬಯಲಿನ ಸಮೃದ್ಧಿ ನೋಡಬೇಕಾದರೆ ಇದಕ್ಕಿಂತ ಒಳ್ಳೆ ರಸ್ತೆ ಇಲ್ಲ. ಆಗಸ್ಟ್‌ನಲ್ಲಿ ನಾಟಿ, ಅಕ್ಟೋಬರ್‌ನಲ್ಲಿ ಕಣ್ಣು ತುಂಬುವ ಹಸಿರು, ಡಿಸೆಂಬರ್‌ನಲ್ಲಿ ಕುಯಿಲು. ಒಂದೇ ರಸ್ತೆ ಮೂರು ಸಲ ಮೂರು ತರಹ ಕಾಣುತ್ತದೆ.

ಬನ್ನೂರು ಅಂದರೆ ಕುರಿ. ಗಿಡ್ಡ ಕಾಲಿನ, ದುಂಡಗಿನ ಮೈಯ ಬಂಡೂರು ಕುರಿಯನ್ನು ಪಟ್ಟಣದವರು ಬನ್ನೂರು ಕುರಿ ಅಂತಲೇ ಕರೆಯುತ್ತಾರೆ. ಮಳವಳ್ಳಿ, ಬನ್ನೂರು ಕಡೆ ಇವು ರಸ್ತೆಯಲ್ಲೇ ಎದುರಾಗುತ್ತವೆ. ನಿಮ್ಮ ನಾಯಿಗೆ ಓಡುವುದನ್ನು ಅಟ್ಟುವ ಚಾಳಿ ಇದ್ದರೆ ಮಂದೆ ಕಂಡ ತಕ್ಷಣ ಕಿಟಕಿ ಏರಿಸಿ. ಮುಧೋಳದಂಥ ಬೇಟೆ ತಳಿಯಾದರಂತೂ ಇಲ್ಲಿ ಬರೀ ಕೊರಳ ಬೆಲ್ಟ್ ಸಾಲದು. ಅವುಗಳ ತಲೆ ಸಣ್ಣ, ಕೊರಳಿಗಿಂತ ಕಿರಿದು. ಹಿಂದಕ್ಕೆ ಎಳೆದರೆ ಬೆಲ್ಟ್ ಕಳಚಿಕೊಳ್ಳುತ್ತದೆ. ಎದೆಗೆ ಹಾಕುವ ಹಾರ್ನೆಸ್ ಬೇಕೇ ಬೇಕು.

ಸೋಮನಾಥಪುರದ ಕೇಶವ ದೇವಸ್ಥಾನ 13ನೇ ಶತಮಾನದ್ದು. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರು ಗರ್ಭಗುಡಿ, ನಕ್ಷತ್ರದ ಆಕಾರದ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ. ಒಳಗಿನ ಒಂದೊಂದು ಛತ್ತೂ ಬೇರೆ ಬೇರೆ. ಬಾಳೆ ಮೂತಿಯ ಆಕಾರದ ಛತ್ತಿನ ಕೆಳಗೆ ಕತ್ತೆತ್ತಿ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಇದನ್ನು ಅವಸರದಲ್ಲಿ ನೋಡಬಾರದು. ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಬೇಕು, ಅಂದರೆ ಒಟ್ಟು ಒಂದೂವರೆ ಗಂಟೆ. ಅಷ್ಟು ಹೊತ್ತು ಹೊರಗೆ ಕಾಯುವವರಿಗೂ ನಾಯಿಗೂ ನೆರಳು ಬೇಕಲ್ವಾ? ಅದಕ್ಕೇ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಶಿಲ್ಪ ನೋಡುವಾಗ ಒಬ್ಬರೇ ಇರುವುದು ನಷ್ಟ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಬ್ಬರೇ ನೋಡಿ ಬಂದು, 'ಹಿಂದಿನ ಗೋಡೆ ಮೇಲೆ ಆನೆ ಸಾಲು ನೋಡಿದ್ಯಾ?' ಅಂತ ಕೇಳಿಸಿಕೊಂಡು, ಇನ್ನೊಮ್ಮೆ ಓಡಿ ಹೋಗುವುದರಲ್ಲೂ ಒಂದು ಸೊಗಸು ಇದೆ.

ತಲಕಾಡಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಗಂಗರ ರಾಜಧಾನಿ, ಮರಳಲ್ಲಿ ಮುಚ್ಚಿಹೋದ ಗುಡಿಗಳು, ಅಲಮೇಲಮ್ಮನ ಶಾಪದ ಕತೆ. ಮನುಷ್ಯರಿಗೆ ನೋಡಲೇಬೇಕಾದ ಊರು. ನಾಯಿಗೆ ಮಾತ್ರ ಬೇಡ. ಹತ್ತು ಗಂಟೆ ದಾಟಿದರೆ ಮರಳು ಕಾಯುತ್ತದೆ. ನಿಮ್ಮ ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಐದಾರು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಆಗುವುದಿಲ್ಲ. ಭಾನುವಾರವಾದರೆ ನದಿ ದಡದಲ್ಲಿ ಊಟದ ಎಲೆ, ಬಿರಿಯಾನಿ ಮೂಳೆ ಬಿದ್ದಿರುತ್ತವೆ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಲ್ಲಿ, ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ನದಿಯಲ್ಲಿ ಸೆಳೆತ, ಮಡು ಇವೆ. ಮೇಲಿನಿಂದ ನೋಡಿದರೆ ಮೊಣಕಾಲುದ್ದ ಅನಿಸುವ ನೀರು ಎರಡು ಹೆಜ್ಜೆ ಆಚೆ ಆಳ.

ಈ ದಾರಿಗೆ ಇನ್ನೊಂದು ಗಂಭೀರ ಎಚ್ಚರಿಕೆ: ಚಿರತೆ. 2022ರ ಕೊನೆಗೆ ಮತ್ತು 2023ರ ಜನವರಿಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಮನುಷ್ಯರೇ ಪ್ರಾಣ ಕಳೆದುಕೊಂಡರು. ಚಿರತೆಗೆ ನಾಯಿ ಸುಲಭದ ಆಹಾರ. ಆಳೆತ್ತರದ ಕಬ್ಬು ಅದಕ್ಕೆ ಅಡಗಲು ಹೇಳಿ ಮಾಡಿಸಿದ ಜಾಗ. ಕಬ್ಬಿನ ಗದ್ದೆ ಅಂಚಿನಲ್ಲಿ ಮುಂಜಾವ, ಮುಸ್ಸಂಜೆ ನಾಯಿಯನ್ನು ಇಳಿಸಬೇಡಿ. ಇಳಿಸಲೇಬೇಕಾದರೆ ತೆರೆದ ಬಯಲು, ಜನ ಓಡಾಡುವ ಊರ ಮುಂದಿನ ಜಾಗ ನೋಡಿ. ಈ ಮಾತು ಮಂಡ್ಯ ಕಡೆಯ ಕಬ್ಬಿಗೂ ಅನ್ವಯಿಸುತ್ತದೆ.

ಶಿವನಸಮುದ್ರದ ತನಕ ಮುಂದುವರಿಸುವವರು ಇದ್ದಾರೆ. ಮಳೆಗಾಲದಲ್ಲಿ ಗಗನಚುಕ್ಕಿ, ಭರಚುಕ್ಕಿ ತುಂಬಿ ಬೀಳುವುದನ್ನು ನೋಡಬೇಕು, ನಿಜ. 1902ರಲ್ಲೇ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು ಅನ್ನುವುದು ನೆನಪಾದರೆ ಹೆಮ್ಮೆಯೂ ಆಗುತ್ತದೆ. ಆದರೆ ಆ ಭೋರ್ಗರೆತಕ್ಕೆ ಕೆಂಚ ಬಾಲ ಒಳಗೆ ಎಳೆದುಕೊಂಡು ಕಾರಿನ ಕಡೆಗೇ ಜಗ್ಗುತ್ತಾನೆ. ನಾಯಿಯ ಕಿವಿ ನಮ್ಮದಕ್ಕಿಂತ ಎಷ್ಟೋ ಚುರುಕು. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ನಂಜನಗೂಡು, ಗುಂಡ್ಲುಪೇಟೆ

ಜುಲೈ, ಆಗಸ್ಟ್‌ನಲ್ಲಿ ಮಾತ್ರ ನಾನು ಈ ದಾರಿ ಹೇಳುವುದು. ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಗುಂಡ್ಲುಪೇಟೆ ಸುತ್ತ ಆಗ ಅರಳಿ ನಿಂತಿರುತ್ತವೆ. ಹಿಂದೆ ಮೋಡ ಹೊದ್ದ ಬೆಟ್ಟ, ಮುಂದೆ ಹಳದಿ, ಕೇಸರಿ. ಹವೆಯೂ ತಣ್ಣಗೆ ಇರುವುದರಿಂದ ನಾಯಿಗೆ ಸುಖ. ಹೊಲದವರನ್ನು ಕೇಳಿಯೇ ಒಳಗೆ ಇಳಿಯಿರಿ. ಕೆಲವರು ಫೋಟೋಗೆ ಸ್ವಲ್ಪ ದುಡ್ಡು ಕೇಳುತ್ತಾರೆ, ಕೊಡಿ. ಗಿಡ ತುಳಿದರೆ ನಷ್ಟ ಅವರದ್ದೇ ಅಲ್ವಾ? ನಾಯಿಯನ್ನು ಬದುವಿನ ಮೇಲೆ ನಿಲ್ಲಿಸಿದರೆ ಸಾಕು. ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಕೇಳುವುದನ್ನು ಮರೆಯಬೇಡಿ. ನಾಯಿ ಗಿಡ ಮೂಸುತ್ತದೆ, ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ಆ ಔಷಧಿ ನೇರ ಹೊಟ್ಟೆಗೆ ಹೋಗುತ್ತದೆ.

ಗುಂಡ್ಲುಪೇಟೆಯಿಂದ ಮುಂದೆ ನಾಯಿಗೆ ದಾರಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ. ಬುಡದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಹೋಗಬೇಕು. ಬೆಟ್ಟ ಇರುವುದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ, ನಾಯಿಯ ಮಾತೇ ಬೇಡ. ಬಂಡೀಪುರದ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ. ಊಟಿ, ಕೇರಳದ ಕಡೆ ಹೋಗುವ ಎರಡೂ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿಷೇಧ. ಕಿಟಕಿಯಿಂದ ಆನೆ ಕಂಡರೆ ನಾಯಿ ಬೊಗಳದೆ ಇರುತ್ತದೆಯಾ? ಆ ಬೊಗಳುವಿಕೆಯಿಂದ ಆನೆಗೂ ತೊಂದರೆ, ನಿಮಗೂ ತೊಂದರೆ. ಹೂವು ನೋಡಿ, ಎಳನೀರು ಕುಡಿದು, ಅಲ್ಲಿಂದಲೇ ತಿರುಗಿ.

ಡಿಸೆಂಬರ್, ಜನವರಿಯಲ್ಲಿ ಈ ಕಡೆ ಹೋಗುವವರಿಗೆ ರಸ್ತೆಯ ಮೇಲಿನ ಒಕ್ಕಣೆಯ ಬಗ್ಗೆ ಹೇಳಬೇಕು. ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಹರಡಿರುತ್ತಾರೆ, ಗಾಡಿಗಳು ತುಳಿಯಲಿ ಅಂತ. ಹುರುಳಿ ಸೊಪ್ಪು ಬಳ್ಳಿಯ ಹಾಗೆ ಉದ್ದ. ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರ್‌ಗೆ ತಾಗಿ ಬೆಂಕಿ ಹತ್ತಿದ ಸುದ್ದಿಗಳು ನಮ್ಮ ಕಡೆ ಹಲವು ಬಂದಿವೆ. ದಪ್ಪ ಹರಡಿದ್ದರೆ ಪಕ್ಕದಿಂದ ಹೋಗಿ. ದಾಟಿದ ಮೇಲೆ ಗಾಡಿ ನಿಲ್ಲಿಸಿ ಬಗ್ಗಿ ನೋಡಿ. ನಾಯಿಯನ್ನು ಸೀಟಿಗೆ ಕಟ್ಟಿರುತ್ತೀರಿ. ಹೊಗೆ ವಾಸನೆ ಬಂದರೆ ಮೊದಲು ಬಿಚ್ಚಬೇಕಾದದ್ದು ಅದರ ಕೊಂಡಿ. ಯಾರು ಬಿಚ್ಚಬೇಕು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿರಿ.

ಕೆಆರ್‌ಎಸ್ ಹಿನ್ನೀರು

ಅರ್ಧ ದಿನ ಮಾತ್ರ ಬಿಡುವು ಇದ್ದರೆ ಇದು. ನಾಯಿ ಇನ್ನೂ ಮರಿ, ಕಾರಿನಲ್ಲಿ ವಾಂತಿ ಮಾಡುತ್ತದೆ ಅನ್ನುವವರಿಗೂ ಇದೇ ಸರಿ. ಹತ್ತಿರದ ದಾರಿಯಲ್ಲಿ ಅಭ್ಯಾಸ ಮಾಡಿಸಿ ಆಮೇಲೆ ದೂರ ಹೋಗಬಹುದು. ಅಣೆಕಟ್ಟೆ, ಬೃಂದಾವನದ ಕಡೆ ಹೋಗದೆ ಹಿನ್ನೀರಿನ ಕಡೆ ಹೋಗಿ. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಹತ್ತಿರದ ದಡ ವಿಶಾಲವಾಗಿದೆ. ಮುಳುಗಡೆಯಾದ ಹಳೆಯ ಗುಡಿಯ ಕಲ್ಲುಗಳನ್ನೇ ತಂದು ಮತ್ತೆ ಕಟ್ಟಿದ ದೇವಸ್ಥಾನ ಅದು.

ಹಿನ್ನೀರಿನ ಗುಣ ನೀರಿನ ಮಟ್ಟದ ಮೇಲೆ ನಿಂತಿದೆ. ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಮಳೆಗಾಲ ಚೆನ್ನಾಗಿ ಆದ ವರ್ಷ ನೀರು ಅಷ್ಟಕ್ಕೆ ಮುಟ್ಟಿದರೆ ದಡದ ಬಯಲು ಹೆಚ್ಚುಕಡಿಮೆ ಮುಳುಗಿರುತ್ತದೆ, ನಡೆಯಲು ಜಾಗ ಇರುವುದಿಲ್ಲ. ಬೇಸಿಗೆಗೆ ನೀರು ಹಿಂದೆ ಸರಿದರೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ, ಆದರೆ ನೆರಳಿಲ್ಲ. ನವೆಂಬರ್‌ನಿಂದ ಫೆಬ್ರವರಿ ತನಕ ಎರಡೂ ಹದವಾಗಿರುತ್ತವೆ. ಹೊರಡುವ ಮೊದಲು ಪೇಪರ್‌ನಲ್ಲಿ ದಿನಾ ಬರುವ ಜಲಾಶಯದ ಮಟ್ಟ ನೋಡಿಕೊಳ್ಳಿ. ಕಾರನ್ನು ದಡದ ತನಕ ಇಳಿಸಬೇಡಿ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರು, ಚಕ್ರ ಹೂತರೆ ಟ್ರ್ಯಾಕ್ಟರ್ ಬರಬೇಕು.

ಇಲ್ಲಿ ನನಗೆ ಬೇಜಾರು ತರಿಸುವುದು ಒಡೆದ ಬಾಟಲಿ. ಕುಡಿದವರು ಕಲ್ಲಿಗೆ ಹೊಡೆದು ಹೋಗಿರುತ್ತಾರೆ. ಹುಲ್ಲಿನೊಳಗೆ ಚೂರು ಕಾಣುವುದಿಲ್ಲ. ನಾವು ಇಳಿದ ತಕ್ಷಣ ನಾಯಿಯನ್ನು ಇಳಿಸುವುದಿಲ್ಲ. ಒಬ್ಬರು ಮೊದಲು ನಡೆದು ನೋಡಿ ಬರುತ್ತೇವೆ, ಸಿಕ್ಕ ಚೂರುಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಪಾದ ಕುಯ್ದರೆ ರಕ್ತ ತುಂಬಾ ಹೋಗುತ್ತದೆ. ಶುದ್ಧ ಬಟ್ಟೆ ಒತ್ತಿ ಹಿಡಿದು, ಸುತ್ತಿ, ಡಾಕ್ಟರ ಹತ್ತಿರ ಓಡಬೇಕು. ಡಿಕ್ಕಿಯಲ್ಲಿ ಗಾಜ್ ಬಟ್ಟೆ, ಬ್ಯಾಂಡೇಜ್ ಯಾವಾಗಲೂ ಇರಲಿ.

ಕೆಆರ್‌ಎಸ್‌ನಿಂದ ಶ್ರೀರಂಗಪಟ್ಟಣದ ಕಡೆ ಬರುವವರಿಗೆ ರಂಗನತಿಟ್ಟು ಆಸೆ ಹುಟ್ಟಿಸುತ್ತದೆ. ಅದು 1940ರಿಂದಲೂ ಪಕ್ಷಿಧಾಮ, ನಾಯಿಗೆ ಪ್ರವೇಶವಿಲ್ಲ. ಅಲ್ಲಿ ಬಂಡೆ ಮೇಲೆ ಮಲಗುವ ಮೊಸಳೆಗಳು ಬೇಲಿಯೊಳಗೇ ಇರುವುದಿಲ್ಲ ಅನ್ನುವುದನ್ನೂ ನೆನಪಿಡಿ. ಸುತ್ತಲ ಕಾವೇರಿಯ ನಿಂತ ಮಡುಗಳಲ್ಲಿ ನಾಯಿಯನ್ನು ನೀರಿಗೆ ಬಿಡುವುದು ಬೇಡ.

ಹಾಗಾದರೆ ಯಾವುದು?

ನನ್ನನ್ನು ಕೇಳಿದರೆ, ವರ್ಷದ ಹೆಚ್ಚು ತಿಂಗಳು ತೊಣ್ಣೂರಿನ ದಾರಿಯೇ ಗೆಲ್ಲುತ್ತದೆ. ನಾಯಿಗೆ ನಡೆಯಲು ಜಾಗ ಇದೆ, ನಮಗೆ ನೋಡಲು ಊರಿದೆ, ದೂರವೂ ಹಿತಮಿತ. ಸೋಮನಾಥಪುರ ಎರಡನೆಯದು. ತಲಕಾಡು ಬಿಟ್ಟು ಬರೀ ಸೋಮನಾಥಪುರಕ್ಕೆ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬಂದರೆ ಅದೂ ಸೊಗಸಾದ ದಿನ. ಹೂವಿನ ಕಾಲದಲ್ಲಿ ಗುಂಡ್ಲುಪೇಟೆ ಮೊದಲು. ವಯಸ್ಸಾದ ನಾಯಿ, ಕೀಲು ನೋವಿರುವ ನಾಯಿಯಾದರೆ ಯೋಚನೆ ಬೇಡ, ಹಿನ್ನೀರು. ಮಾರ್ಚ್‌ನಿಂದ ಮೇ ತನಕ ಯಾವ ದಾರಿಯೂ ಹಗಲಿಗೆ ಬೇಡ. ಹೋದರೂ ಸೂರ್ಯ ಹುಟ್ಟುವ ಮೊದಲು ಹೊರಟು ಹತ್ತಕ್ಕೆ ಮನೆ ಸೇರಿ.

ಎಕ್ಸ್‌ಪ್ರೆಸ್‌ವೇಯಾ, ಹಳ್ಳಿ ರಸ್ತೆಯಾ ಅನ್ನುವ ಪ್ರಶ್ನೆಯೂ ಬರುತ್ತದೆ. ಮಂಡ್ಯ, ಮದ್ದೂರು ಕಡೆ ಹೋಗುವವರಿಗೆ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಬೇಗ ಮುಟ್ಟಿಸುತ್ತದೆ. ಆದರೆ ನಾಯಿಗೆ ಉಚ್ಚೆ ಬಂದರೆ ನಿಲ್ಲಿಸುವುದೆಲ್ಲಿ? ಬೇಲಿಯ ಪಕ್ಕ ನೂರರ ವೇಗದಲ್ಲಿ ಗಾಡಿಗಳು ಹೋಗುವಾಗ ಬಾಗಿಲು ತೆಗೆಯುವುದೇ ಅಪಾಯ. ಸರ್ವಿಸ್ ರಸ್ತೆ ಹಿಡಿದು ನಿಧಾನ ಹೋಗಿ. ನೆರಳಲ್ಲಿ ಎಳನೀರಿನ ಅಂಗಡಿ ಸಿಗುತ್ತದೆ, ನಾಯಿಗೂ ಒಂದು ನಿಲುಗಡೆ ಆಗುತ್ತದೆ. ಎಳನೀರು ನಾಯಿಗೆ ಎರಡು ಗುಟುಕು ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ.

ಊಟದ ವಿಷಯಕ್ಕೆ ಬಂದರೆ ಈ ದಾರಿಗಳಲ್ಲಿ ನಾಯಿಗೆ ದೊಡ್ಡ ಅಪಾಯ ಮದ್ದೂರು ವಡೆ. ಅದರ ತುಂಬ ಈರುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಕರಿದರೂ ಅಷ್ಟೇ. ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ನಾವು ಕೆಂಚನಿಗೆ ಮನೆಯಿಂದಲೇ ಒಗ್ಗರಣೆ ಹಾಕದ ಮೊಸರನ್ನ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಹೋಗುತ್ತೇವೆ. ಹೊರಡುವ ಮೂರು ಗಂಟೆ ಮೊದಲೇ ಅದರ ತಿಂಡಿ ಮುಗಿದಿದ್ದರೆ ವಾಂತಿ ಕಡಿಮೆ. ಆಲೆಮನೆ ಕಂಡರೆ ನಿಲ್ಲಿಸಿ, ಬಿಸಿ ಬೆಲ್ಲದ ರುಚಿ ನೋಡಿ. ನಾಯಿಯನ್ನು ಮಾತ್ರ ಕಾರಿನ ಹತ್ತಿರವೇ ಹಿಡಿದುಕೊಳ್ಳಿ. ಕುದಿಯುವ ಕೊಪ್ಪರಿಗೆ ನೆಲಮಟ್ಟದಲ್ಲೇ ಇರುತ್ತದೆ.

ನಾಲೆ ರಸ್ತೆ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಫೋಟೋಗಳಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಅದೇ. ವಿಶ್ವೇಶ್ವರಯ್ಯ ನಾಲೆಯ ಪಕ್ಕ ತೆಂಗಿನ ಸಾಲು, ತುಂಬಿ ಹರಿಯುವ ನೀರು, ಕಿರಿದಾದ ರಸ್ತೆ. ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನ ಸತ್ತರು. ಆಮೇಲೂ ಕಾರುಗಳು ಬಿದ್ದಿವೆ. ಕತ್ತಲಾದ ಮೇಲೆ ನಾಲೆ ರಸ್ತೆ ಬೇಡವೇ ಬೇಡ. ಹಗಲಲ್ಲೂ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ನಾಲೆ ಇರುವ ಕಡೆಗೆ ಸರಿಯಬೇಡಿ, ನಿಂತು ಅವರಿಗೆ ಬಿಡಿ.

ನಾಯಿಗೆ ಇನ್ನೊಂದು ಅಪಾಯ ಇದೆ. ನಾಲೆಯ ಅಂಚನ್ನು ಹತ್ತಿರದಿಂದ ನೋಡಿದ್ದೀರಾ? ಇಳಿಜಾರಾದ ಸಿಮೆಂಟ್, ನೀರು ಮುಟ್ಟುವ ಜಾಗದಲ್ಲಿ ಗೇಣಗಲ ಹಸಿರು ಪಾಚಿ. ನಾಯಿ ನೀರು ಕುಡಿಯಲು ಬಗ್ಗಿದಾಗ ಮುಂದಿನ ಕಾಲು ಆ ಪಾಚಿಯ ಮೇಲೆ ಬೀಳುತ್ತದೆ. ಉಗುರು ಊರಲು ಏನೂ ಸಿಗುವುದಿಲ್ಲ. ಒಮ್ಮೆ ಜಾರಿದರೆ ಎಷ್ಟು ಚೆನ್ನಾಗಿ ಈಜುವ ನಾಯಿಯಾದರೂ ಮೇಲೆ ಹತ್ತಲಾರದು. ಉಳಿಸಲು ಇಳಿದ ಮನುಷ್ಯರೂ ಹತ್ತಲಾರರು. ಹಾಗಾಗಿ ನಾಲೆ ಪಕ್ಕ ನಡೆಯುವಾಗ ನಾಯಿ ಯಾವಾಗಲೂ ನಿಮ್ಮ ಇನ್ನೊಂದು ಪಕ್ಕದಲ್ಲಿರಲಿ, ಚೈನು ಗಿಡ್ಡವಾಗಿರಲಿ. ಕುಡಿಯುವ ನೀರು ಬಟ್ಟಲಲ್ಲಿ ಕೊಡಿ. ಗದ್ದೆಯಲ್ಲಿ ನಿಂತ ನೀರು ಕೂಡ ಕುಡಿಸಬೇಡಿ. ಇಲಿ ಉಚ್ಚೆಯಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ. ವರ್ಷದ ಲಸಿಕೆಯಲ್ಲಿ ಅದು ಸೇರಿದೆಯಾ ಅಂತ ಡಾಕ್ಟರನ್ನು ಕೇಳಿ. ರೇಬಿಸ್ ಲಸಿಕೆಯ ಕಾರ್ಡು ಕಾರಿನಲ್ಲೇ ಇರಲಿ. ಹಳ್ಳಿಯಲ್ಲಿ ಯಾರಿಗಾದರೂ ಒಂದು ಗೀರು ಬಿದ್ದರೂ ಮೊದಲು ಕೇಳುವುದು ಅದನ್ನೇ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟು ಹೋಗಬಾರದು. ಕಿಟಕಿ ನಾಲ್ಕು ಬೆರಳು ಇಳಿಸಿದ್ದೇವೆ, ಐದೇ ನಿಮಿಷ, ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೊಬ್ಬ ಗೆಳೆಯ ಇರುವುದರ ದೊಡ್ಡ ಉಪಯೋಗವೇ ಇದು, ಒಬ್ಬರು ಯಾವಾಗಲೂ ನಾಯಿ ಹತ್ತಿರ ಇರಬಹುದು. ನಾಲಿಗೆ ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪುತ್ತಿದ್ದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಕ್ಕೆ ಸಾಧಾರಣ ತಣ್ಣೀರು ಸುರಿದು ಗಾಳಿ ಬೀಸಿ. ಒಂದು ಕಡೆ ನೀರು ಸುರಿಯುತ್ತಲೇ ಇನ್ನೊಬ್ಬರು ಡಾಕ್ಟರಿಗೆ ಫೋನ್ ಮಾಡಲಿ.

ವಾಪಸ್ ಬರುವ ಹೊತ್ತು ಸಂಜೆ ಐದರ ಸುಮಾರಿಗೆ ಇಟ್ಟುಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಗಾಡಿಗಳು ಕತ್ತಲಲ್ಲಿ ರಸ್ತೆ ತುಂಬ ಇರುತ್ತವೆ. ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಉಣ್ಣೆ ಹುಳ ನೋಡುವ ಕೆಲಸ ನಾಳೆಗೆ ಬಿಡಬೇಡಿ. ಕಿವಿಯ ಒಳ ಮಡಿಕೆ, ಕೊರಳ ಬೆಲ್ಟಿನ ಕೆಳಗೆ, ಬೆರಳ ಸಂದು. ಗೆಳೆಯ ಟಾರ್ಚ್ ಹಿಡಿಯುತ್ತಾನೆ, ನಾನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯುತ್ತೇನೆ. ಬೆರಳಲ್ಲಿ ಹಿಸುಕುವುದಿಲ್ಲ, ಸೀಮೆಎಣ್ಣೆ ಹಾಕುವುದಿಲ್ಲ. ಮುಂದಿನ ಎರಡು ಮೂರು ವಾರ ಗಮನ ಇರಲಿ. ನಾಯಿ ಊಟ ಬಿಟ್ಟರೆ, ಮಂಕಾದರೆ, ಮೈ ಸುಟ್ಟರೆ, ಒಸಡು ಬಿಳಿಚಿಕೊಂಡರೆ ಉಣ್ಣೆ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ, ಯಾವ ದಿನ ಯಾವ ಊರಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಹೇಳಿ. ಬೇಗ ಹಿಡಿದರೆ ಸಾಮಾನ್ಯವಾಗಿ ಚಿಕಿತ್ಸೆಗೆ ವಾಸಿಯಾಗುವ ಕಾಯಿಲೆ ಅದು.